ವಿಭೂತಿ ಹಚ್ಚಿದ ವೈರುಗಳು

ದೇವರ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ತಿಳವಳ್ಳಿಯಿಂದ ತಮ್ಮನ ಫೋನ್ ಬಂತು. "ಅಕ್ಕಾ, ಖಾದರ್ ಕಾಕಾ ಹೋಗಿಬಿಟ್ರು." ತಿಕ್ಕುವ ಕೈ ಹಾಗೇ ನಿಂತಿತು.

ನಾನು ಸಣ್ಣವಳಿದ್ದ ಆ ದಿನಗಳಲ್ಲಿ ನಮ್ಮ ಓಣಿಗೆಲ್ಲ ಇದ್ದ ಗಾಡಿ ಅಪ್ಪನ ಹಳೆಯ ಪೆಟ್ರೋಲ್ ಪಿಕಪ್ ಒಂದೇ. ಭತ್ತದ ಚೀಲ, ಮದುವೆಯ ದಿಬ್ಬಣ, ಬಸುರಿ, ಬಾಣಂತಿ, ಎಲ್ಲರನ್ನೂ ಹೊತ್ತದ್ದು ಅದೇ. ಹಿಂದೆ ಚೀಲಗಳ ಮೇಲೆ ಕುಳಿತ ನಮಗೆ ಪೆಟ್ರೋಲಿನ ವಾಸನೆ, ಹೊಸ ಭತ್ತದ ವಾಸನೆ ಎರಡೂ ಕೂಡಿಯೇ ಮೂಗಿಗೆ ಬರುತ್ತಿದ್ದವು. ಅದರ ರಿಪೇರಿಯೆಲ್ಲ ಹಾನಗಲ್ಲಿನ ಖಾದರ್ ಕಾಕಾರದು.

ಆ ವರ್ಷ ಅವ್ವನಿಗೆ ದಿನ ತುಂಬಿತ್ತು. ಮಹಾನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅಪ್ಪ ಗಾಡಿ ತೊಳೆದ. ಎಂಜಿನ್ನಿನ ವೈರುಗಳನ್ನೂ ಕಿತ್ತು, ಒರೆಸಿ, ವಿಭೂತಿ ಹಚ್ಚಿ ಮತ್ತೆ ಸಿಕ್ಕಿಸಿದ. "ಅನ್ನಾ ಹಾಕೋ ಗಾಡಿ ಇದು. ಒಂದ ಭಾಗಾನೂ ಪೂಜಿ ಇಲ್ದ ಬಿಡಬಾರದವಾ" ಎಂದ. ಕುಂಕುಮದ ಬಟ್ಟಲು ಹಿಡಿದು ನಾನು ಪಕ್ಕದಲ್ಲಿದ್ದೆ.

ಮರುದಿನ ಬೆಳಿಗ್ಗೆ ಅವ್ವನಿಗೆ ನೋವು ಬಂತು. ಗಾಡಿ ಚಾಲೂ ಆಯಿತು, ಆದರೆ ಎಳೆಯುವ ಶಕ್ತಿಯೇ ಇಲ್ಲ. ತಿಣುಕುತ್ತ, ಢಂ ಢಂ ಎನ್ನುತ್ತ ತೆವಳಿತು. ಬನ್ನಿ ತರಲು ಹೊರಟಿದ್ದ ಯಾರೋ, "ಬಸಣ್ಣಾ, ದೀಪಾವಳಿ ಇನ್ನೂ ದೂರ ಐತೋ!" ಎಂದು ಕೂಗಿ ನಕ್ಕರು. ಹಿಂದೆ ಮಲಗಿದ್ದ ಅವ್ವ ಅವರಿಗೆ ಕಾಣಲಿಲ್ಲ. ಏರಿನಲ್ಲಿ ಗಾಡಿ ನಿಂತೇಬಿಟ್ಟಿತು. ಬಸ್ಸು ಸಿಕ್ಕು ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಕೂಸು ಉಳಿಯಲಿಲ್ಲ. ಅವ್ವನನ್ನು ಶಿವ ನಮಗೆ ಬಿಟ್ಟುಕೊಟ್ಟ, ಅಷ್ಟು ದಯೆ.

ಗಾಡಿ ಏರಿನಲ್ಲೇ ಉಳಿದಿತ್ತು. ಕಾಕಾ ನೋಡಲು ಬಂದ ದಿನ ನಾನು ಬುತ್ತಿ ಒಯ್ದಿದ್ದೆ. ಅಪ್ಪ ದೂರದ ಬೇವಿನ ಮರದ ಕೆಳಗೆ ಮುಖ ತಿರುಗಿಸಿ ಕುಳಿತಿದ್ದ. ಕಾಕಾ ಚಾಲೂ ಮಾಡಿ ಕಿವಿಗೊಟ್ಟರು. ಪ್ಲಗ್ಗು ಬಿಚ್ಚಿ ನೋಡಿದರು. ಕಡೆಗೆ ಒಂದೊಂದು ವೈರು ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಬೆರಳಾಡಿಸುತ್ತ ಹೋದರು. ಬೆರಳಿಗೆ ವಿಭೂತಿ ಹತ್ತಿತು.

"ಇವನ್ನ ಯಾರ ಬಿಚ್ಚಿದ್ರು ಬೇಟಾ?"

"ಅಪ್ಪ. ಪೂಜಿಗೆ."

ಕಾಕಾ ಮತ್ತೆ ವೈರುಗಳ ಮೇಲೆ ಬಾಗಿದರು. "ಎರಡ ವೈರ್ ಅದಲಬದಲ ಆಗ್ಯಾವ. ಕಿಡಿ ಹೊತ್ತಲ್ಲದ ಹೊತ್ತಿನಾಗ ಬಿದ್ದೈತಿ. ಅದಕ್ಕ ಜೋರ್ ಇಲ್ಲ, ಅದಕ್ಕ ಢಂ ಅಂತೈತಿ" ಎಂದು ತಮ್ಮಷ್ಟಕ್ಕೇ ಅಂದುಕೊಂಡು ಅವನ್ನು ಸರಿಮಾಡಿದರು. ಎಂಜಿನ್ನು ಹದವಾಗಿ ಓಡತೊಡಗಿತು.

ಸಪ್ಪಳ ಕೇಳಿ ಅಪ್ಪ ಎದ್ದು ಬಂದ. "ಖಾದರಭಾಯಿ, ಖರೇ ಹೇಳು. ನನ್ನ ಕೈಯಿಂದ ಏನರ ಆಗಿತ್ತೇನು?"

"ನಿನ್ನ ಕೈಯಿಂದ ಏನ ಆಕ್ಕೈತೋ ಹುಚ್ಚಪ್ಪ? ಕಾರ್ಬ್ಯುರೇಟರಿನಾಗ ಕಸ ಕುಂತಿತ್ತು. ಪೆಟ್ರೋಲ್ ಹೊಲಸು."

ಹೇಳಿ ನನ್ನತ್ತ ನೋಡಿದರು. ನಾನು ಬುತ್ತಿಯ ಗಂಟು ಬಿಚ್ಚಿದೆ. ಕೂಸು ಹೋದಾಗಿನಿಂದ ಅನ್ನ ಮುಟ್ಟದಿದ್ದ ಅಪ್ಪ ಅಂದು ರೊಟ್ಟಿ ಮುರಿದ.

ಆಮೇಲೆ ಪ್ರತಿ ವರ್ಷ ಹಬ್ಬಕ್ಕೆ ಕಾಕಾ ತಾವೇ ಬರುತ್ತಿದ್ದರು. "ವೈರ್ ನಾ ಒರಸ್ತೇನಿ, ನೀ ಮ್ಯಾಲಿಂದ ಮ್ಯಾಲ ವಿಭೂತಿ ಹಚ್ಚು. ಹೋಳಿಗಿ ಮಾತ್ರ ನನಗ ಮೊದ್ಲ" ಎನ್ನುತ್ತಿದ್ದರು. ತಮ್ಮ ಹುಟ್ಟುವಾಗ ಅವ್ವನನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ ಗಾಡಿ. ಅಪ್ಪ ಕಡೆತನಕ ಅದೇ ಕೈಯಿಂದ ಅದಕ್ಕೆ ವಿಭೂತಿ ಹಚ್ಚಿದ.

ಈಗ ಶಿಗ್ಗಾವಿಯ ನಮ್ಮ ಮನೆ ಮುಂದೆ ಹೊಸ ಗಾಡಿ ಇದೆ. ಕೆಟ್ಟರೆ ಗ್ಯಾರೇಜಿನವರು ಕಂಪ್ಯೂಟರ್ ಹಚ್ಚಿ, ತಪ್ಪು ಯಾರದೆಂದು ಮುಖಕ್ಕೇ ಹೇಳುತ್ತಾರೆ. ಅಪ್ಪ ಇಲ್ಲ, ಪಿಕಪ್ ಗುಜರಿಗೆ ಹೋಯಿತು. ಆ ಏರಿನಲ್ಲಿ ನಡೆದದ್ದನ್ನು ಬಲ್ಲವರು ಕಾಕಾ ಮತ್ತು ನಾನು. ಇನ್ನು ನಾನೊಬ್ಬಳೇ.

ಒಂದು ದೀಪ ತೊಳೆದು ಒರೆಸಿ, ಎಣ್ಣೆ ಹಾಕಿ, ಕಾಕಾರ ಹೆಸರಲ್ಲಿ ಹಚ್ಚಿಟ್ಟೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ರೊಟ್ಟಿಯ ಹಿಟ್ಟು ನಾದಲು ಕುಳಿತೆ.