ಆರ್ಲೀನ್ ನೆಟ್ಟ ಬೋರ್ಡು

"ಅಮ್ಮಾ, ಲೂಸಿಯನ್ ತಾತನ ಮನೆ ಮುಂದೆ ಬೇರೆಯವರ ಬೋರ್ಡು ಯಾಕಿದೆ?"

ಟಿಲ್ಲಿ ಬೆಳಿಗ್ಗೆ ಕೇಳಿದಳು. ನಾನು ಅವಳ ತಲೆ ಬಾಚುತ್ತಿದ್ದೆ.

ಅವಳು ಕಂಡದ್ದು ನಿಜ. ಲೂಸಿಯನ್ ಗಾಬೂರಿ ಈ ಸಲ ಅಮೆರಿಕದ ನಮ್ಮ ವರ್ಮಾಂಟ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಹುದ್ದೆಯ ಚುನಾವಣೆಗೆ ಪಕ್ಷೇತರರಾಗಿ ನಿಂತಿದ್ದಾರೆ. ಅಂಗಳದ ಎಡಕ್ಕೆ ಅವರ ಪ್ರಚಾರದ ಬೋರ್ಡು. ಬಲಕ್ಕೆ ಅವರ ಎದುರಾಳಿ ಪ್ರಿಸಿಲ್ಲಾ ಹ್ಯಾಸ್ಕಿನ್ಸ್ ಬೋರ್ಡು. ಅದನ್ನು ನೆಟ್ಟವರು ಲೂಸಿಯನ್ನರ ಹೆಂಡತಿ ಆರ್ಲೀನ್. ಗಂಡನದಕ್ಕಿಂತ ಒಂದು ಗೇಣು ಎತ್ತರ ಬೇರೆ.

ಲೂಸಿಯನ್ ನಮ್ಮೂರ ಶಾಲೆಯ ಬಸ್ಸು ಓಡಿಸುತ್ತಿದ್ದವರು. ನಾನೂ ಅದೇ ಬಸ್ಸಲ್ಲಿ ಶಾಲೆಗೆ ಹೋದವಳು. ಅವರು ಗದರಿದ್ದು ನೆನಪಿಲ್ಲ. ತಲೆಯ ಮೇಲಿನ ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಹಿಂದಿನ ಸೀಟಿನ ಪೋಕರಿಗಳೂ ತೆಪ್ಪಗಾಗುತ್ತಿದ್ದರು. ಈಗ ಅವರ ಭಾಷಣವೂ ಅದೇ:

"ಆ ಹುದ್ದೇಲಿ ಕೆಲಸ ಏನಪ್ಪಾ? ಸೆನೆಟ್ಟಲ್ಲಿ ಎತ್ತರದ ಕುರ್ಚೀಲಿ ಕೂತು, ಗಲಾಟೆ ಮಾಡೋರನ್ನ ಕೂರಿಸೋದು. ಜೀವಮಾನವೆಲ್ಲ ನಾನು ಮಾಡಿದ್ದು ಅದನ್ನೇ. ಜೊತೆಗೆ ಬಸ್ಸೂ ಓಡಿಸ್ತಿದ್ದೆ!"

ಜನ ನಗುತ್ತಾರೆ, ಕೈ ಕುಲುಕುತ್ತಾರೆ. ಗೆಲ್ಲುತ್ತಾರೆಂದು ಮಾತ್ರ ಯಾರೂ ನಂಬಿಲ್ಲ.

ಇವತ್ತು ಶನಿವಾರ. ಊರೆಲ್ಲ ಕಸದ ಚೀಲ ಹಿಡಿದು ಕಸ ಸುರಿಯುವ ಡಂಪಿಗೆ ಬರುವ ದಿನವಾದ್ದರಿಂದ ಅಭ್ಯರ್ಥಿಗಳದೂ ಅಲ್ಲೇ ಠಿಕಾಣಿ. ಲೂಸಿಯನ್ ಮತ ಕೇಳುತ್ತ ಎಲ್ಲರ ಗಾಡಿಯಿಂದಲೂ ಕಸ ಇಳಿಸುತ್ತಿದ್ದರು. ನನ್ನ ಕೈಯಿಂದ ಪಾಪುವಿನ ಡೈಪರ್ ಚೀಲ ಕಿತ್ತುಕೊಂಡು, ಮೂಗು ಮುಚ್ಚಿಕೊಂಡು ಹೇಳಿದರು: "ಇದನ್ನ ಹೊತ್ತವನಿಗೂ ವೋಟು ಹಾಕಲ್ವಾ ನೀನು?"

ಅಷ್ಟರಲ್ಲಿ ಆರ್ಲೀನ್ ಬಂದರು. ಟಿಲ್ಲಿ ನನ್ನ ಕೈ ಬಿಡಿಸಿಕೊಂಡು ಓಡಿದಳು. "ಅಜ್ಜೀ, ನಿಮಗೆ ತಾತನ ಮೇಲೆ ಕೋಪಾನಾ?"

"ಕೋಪ ಅಲ್ಲ ಕಂದಾ, ಭಯ. ಇವನು ಗೆದ್ದುಬಿಡ್ತಾನಲ್ಲ!"

ಪಕ್ಕದಲ್ಲಿ ಖಾಲಿ ಬಾಟಲಿ ಸುರಿಯುತ್ತಿದ್ದವನೊಬ್ಬ ಕಿಸಕ್ಕನೆ ನಕ್ಕ. ಆರ್ಲೀನ್ ತಿರುಗಿದರು.

"ಏನೋ ನಗ್ತೀಯಾ? ಗೆದ್ರೆ ಜನವರಿಯಿಂದ ಮೇ ತನಕ ಇವನು ರಾಜಧಾನಿ ಮಾಂಟ್‌ಪೀಲಿಯರಲ್ಲಿ ಸೆನೆಟ್ಟಿನ ಸುತ್ತಿಗೆ ಬಡೀತಾ ಕೂರ್ತಾನೆ. ನಮ್ಮ ಮೇಪಲ್ ಮರಗಳು ರಸ ಬಿಡೋದು ಮಾರ್ಚಲ್ಲಿ, ಅದನ್ನ ಕುದಿಸಿ ಪಾಕ ಮಾಡ್ಬೇಕು. ಒಲೆಗೆ ಸೌದೆ ತುಂಬ್ಲಾ, ಕೊಪ್ಪರಿಗೆ ಉಕ್ಕದಂಗೆ ಕಾಯ್ಲಾ? ನನಗಿರೋದು ಎರಡೇ ಕೈ."

"ರಜಾ ಹಾಕಿ ಬರ್ತೀನಿ ಕಣೇ," ಎಂದರು ಲೂಸಿಯನ್.

"ನಿನ್ನ ರಜಾ ನೋಡ್ಕೊಂಡು ರಸ ಇಳಿಯುತ್ತಾ? ನನ್ನ ವೋಟು ಪ್ರಿಸಿಲ್ಲಾಗೆ. ಅವಳ ಹತ್ರ ಒಂದು ಮೇಪಲ್ ಮರವೂ ಇಲ್ಲ, ಹಾಯಾಗಿ ಹೋಗಿ ಕೂರ್ಲಿ!"

ಇಡೀ ರಾಜ್ಯದಲ್ಲಿ ಲೂಸಿಯನ್ ಗೆಲ್ಲುವುದು ಖಾತ್ರಿಯೆಂದು ನಂಬಿರುವುದು ಇವರೊಬ್ಬರೇ ಎಂದು ನನಗೆ ಆಗ ಹೊಳೆಯಿತು. ಲೂಸಿಯನ್ನರಿಗೂ ಹೊಳೆದಿರಬೇಕು. ಕೈಯಲ್ಲಿದ್ದ ಕಸದ ಚೀಲ ಎಸೆಯುವುದನ್ನೂ ಮರೆತು, ಹೋಗುತ್ತಿದ್ದ ಹೆಂಡತಿಯನ್ನೇ ನೋಡುತ್ತ ನಿಂತರು.

ನಾನು ಗಾಡಿ ಹತ್ತುವಾಗ ಕಿಟಕಿಗೆ ಬಂದು ಬಗ್ಗಿದರು.

"ಹುಡುಗೀ, ಉಳಿದವರು ಹಾಕ್ಲಿ ಬಿಡ್ಲಿ, ಅವಳದೊಂದು ವೋಟು ನಂಗೆ ಬೇಕು. ಮಾರ್ಚಲ್ಲಿ ಅವಳ ಜೊತೆ ಒಲೆ ಮುಂದೆ ನಿಂತ್ಕೋತೀಯಾ? ಮಕ್ಕಳನ್ನ ನಿನ್ನ ಗಂಡ ನೋಡ್ಕೊಳ್ಳಲಿ, ಅವನ ಹತ್ರ ನಾನೇ ಮಾತಾಡ್ತೀನಿ. ನೀನೊಂದು ಹೂಂ ಅನ್ನು, ಈಗ್ಲೇ ಓಡಿಹೋಗಿ ಅವಳಿಗೆ ಹೇಳ್ಬಿಡ್ತೀನಿ."