ಕತ್ತಿನ ಹಿಂದಿನ ಹೊಸ ಚುಕ್ಕೆ

ಸ್ನೇಹಿತರೇ, ಹೋದ ವರ್ಷ ನನ್ನ ಕತ್ತಿನ ಹಿಂದಿದ್ದ ಮಚ್ಚೆ ಚರ್ಮದ ಕ್ಯಾನ್ಸರ್ ಅಂತ ಗೊತ್ತಾಗಿ, ಶುರುವಿನಲ್ಲೇ ತೆಗೆಸಿಕೊಂಡೆ. ಮತ್ತೆ ಬರಲ್ಲ ಅನ್ನೋ ಧೈರ್ಯ ಇದೆ. ಆದರೂ ತಿಂಗಳಿಗೊಂದು ಸಲ ಆ ಜಾಗದ ಫೋಟೋ ತೆಗೆದು ನೋಡ್ಕೊತೀನಿ. ಇವತ್ತು ಬೆಳಗ್ಗೆ ನೋಡಿದರೆ ಗಾಯದ ಕಲೆ ಪಕ್ಕದಲ್ಲೇ ಹೊಸದೊಂದು ಕರೀ ಚುಕ್ಕೆ! ಮುಟ್ಟೋಕೂ ಹೋಗಲಿಲ್ಲ. ಚೆಕಪ್ ಅಂತಷ್ಟೇ ಹೇಳಿ, ಅತ್ತೆಯನ್ನ ಕರ್ಕೊಂಡು ಕೊಳ್ಳೇಗಾಲದ ಬಸ್ ಹತ್ತಿದೆ.

ಡಾಕ್ಟರು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರು. ಚುಕ್ಕೆ ಹತ್ತಿಗೆ ಬಂತು. "ಇದು ಕಾಡಿಗೆ ಕಣಮ್ಮ!"

"ನಾನೇ ಇಟ್ಟಿದ್ದು ಸಾ," ಅಂದರು ಅತ್ತೆ. "ನೆನ್ನೆ ತಲೆಗೆ ಎಣ್ಣೆ ಅಚ್ಚುವಾಗ ಇಟ್ಟೆ. ಎಷ್ಟು ಚೆಂದಾಗಿ ವಾಸಿಯಾಗ್ಯದೆ ಅಂತ ಬೀದಿಯೋರೆಲ್ಲಾ ಅಂತಾವ್ರೆ, ಕಣ್ಣಾಗ್ಬಾರ್ದಲ್ಲ."

ಡಾಕ್ಟರು ನಕ್ಕರು. "ಚುಕ್ಕೆ ಕಂಡ ತಕ್ಷಣ ಬಂದಿದ್ದು ಒಳ್ಳೇದಾಯ್ತು, ಇನ್ನು ಮುಂದೂ ಹಂಗೇ ಬನ್ನಿ. ಆಪರೇಷನ್ ಆದ ಜಾಗ ಬಹಳ ಚೆನ್ನಾಗಿದೆ."

ಹೊರಗೆ ಬಂದ ಕೂಡಲೇ ಅತ್ತೆ ಎಲೆಅಡಿಕೆ ಚೀಲದಿಂದ ಕಾಡಿಗೆ ಡಬ್ಬಿ ತೆಗೆದರು. "ಈಗ ಡಾಕ್ಟ್ರ ಕಣ್ಣೂ ಬಿತ್ತು ಕಣಮ್ಮಿ."

"ಕತ್ತಿಗೆ ಮಾತ್ರ ಬ್ಯಾಡ ಅತ್ತೆ," ಅಂದೆ.

ಐವತ್ತೆರಡು ವರ್ಷದ ನಾನು, ಕೆನ್ನೆ ಮೇಲೆ ಇಷ್ಟಗಲ ದೃಷ್ಟಿಬೊಟ್ಟು ಇಡಿಸಿಕೊಂಡು, ಲೊಕ್ಕನಹಳ್ಳಿ ಬಸ್ಸಿನ ಮುಂದಿನ ಸೀಟಲ್ಲಿ ಕೂತು ಇದನ್ನ ಬರೀತಿದ್ದೀನಿ.