ಬಾಯಿಬಿಟ್ಟು ಹೇಳಬೇಕಾದ ನಡೆ

ಕಳೆದ ಭಾನುವಾರ ಮುದ್ದೇಬಿಹಾಳದಲ್ಲಿ ಒಬ್ಬ ಟೀಚರ್ ನನ್ನನ್ನು ಚೆಸ್‌ನಲ್ಲಿ ಹದಿನಾಲ್ಕೇ ನಡೆಗಳಲ್ಲಿ ಮುಗಿಸಿದಳು. ಆಕೆಗೆ ಕಣ್ಣು ಕಾಣುವುದಿಲ್ಲ. ನನಗೆ ಕಾಣುತ್ತದೆ (ಕನ್ನಡಕ ಇದ್ದರೆ).

ಸೋತದ್ದಕ್ಕೆ ಬೇಜಾರಿಲ್ಲ, ಅದು ಅಭ್ಯಾಸವಾಗಿದೆ. ಬೇಜಾರು ಬೇರೆ ಕಾರಣಕ್ಕೆ. ನನ್ನೂರು ಇಂಡಿಯಿಂದ ಎರಡು ಬಸ್ಸು ಬದಲಿಸಿ ನಾನು ಅಲ್ಲಿಗೆ ಹೋಗಿದ್ದು ಆಡುವುದಕ್ಕಲ್ಲ, ಒಂದು ತಪ್ಪು ಒಪ್ಪಿಕೊಳ್ಳುವುದಕ್ಕೆ. ಹೋದೆ. ಆಡಿದೆ. ಸೋತೆ. ಚಹಾ ಕುಡಿದೆ. ವಾಪಸ್ ಬಂದೆ.

ತಪ್ಪು? ಅದು ಹೋದ ಹಾಗೆಯೇ ನನ್ನ ಜೊತೆ ಊರಿಗೆ ಬಂತು.

ಮೊದಲಿನಿಂದ ಹೇಳುತ್ತೇನೆ. ಟೀಚರ್ ಹೆಸರು ರೇಣುಕಾ. ನಾನು ಸಿಂದಗಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಆಕೆ ನನ್ನ ವಿದ್ಯಾರ್ಥಿನಿ. ಸಂಜೆ ನಾನೇ ಚೆಸ್ ಕಲಿಸಿದ್ದು. ಒಂದೇ ವರ್ಷದಲ್ಲಿ ಗುರುವಿಗೆ ನೀರು ಕುಡಿಸಿದಳು. ಈಗ ಮುದ್ದೇಬಿಹಾಳದ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಅಂಧ ಮಹಿಳೆಯರ ರಾಷ್ಟ್ರೀಯ ಚೆಸ್ ತಂಡಕ್ಕೆ ಈ ಸಲ ಆಯ್ಕೆ ಪಂದ್ಯಗಳು ನಡೆದವು. ಆಕೆ ಎರಡನೇ ಸ್ಥಾನ ಪಡೆದಳು. ತಂಡಕ್ಕೆ ಬೇಕಾದವರು ಐದು ಜನ. ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ?

ಇದೆ. ಯಾಕೆಂದರೆ ಆಯ್ಕೆ ಸಮಿತಿಯ ಮೂವರಲ್ಲಿ ನಾನೂ ಒಬ್ಬ. (ಒಬ್ಬರು ಅಧ್ಯಕ್ಷರು, ಒಬ್ಬರು ದೊಡ್ಡ ಆಟಗಾರರು. ಮೂರನೆಯವನು ಜಗಳ ಆಡದವನಾಗಿರಬೇಕು ಎಂದು ನನ್ನನ್ನು ಹುಡುಕಿದರಂತೆ.)

ಪಂದ್ಯಗಳ ನಂತರ ಐದು ದಿನದ ಕ್ಯಾಂಪ್ ಇತ್ತು. ಅದೇ ಹೊತ್ತಿಗೆ ರೇಣುಕಾಳ ಹತ್ತನೇ ತರಗತಿಯ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಆಕೆ ನನಗೆ ಫೋನ್ ಮಾಡಿದಳು. ಮಕ್ಕಳ ರಿವಿಜನ್ ಮುಗಿಸಿ ಕೊನೆಯ ಎರಡು ದಿನಕ್ಕೆ ಬರುತ್ತೇನೆ, ನಡೆಯುತ್ತದೆಯೋ ಇಲ್ಲವೋ ಸಮಿತಿಯನ್ನು ಕೇಳಿ ಹೇಳಿ, ನಡೆಯುವುದಿಲ್ಲ ಎಂದರೆ ಹೇಗಾದರೂ ಮಾಡಿ ಐದೂ ದಿನ ಬರುತ್ತೇನೆ ಎಂದಳು.

ನಾನು ಆಗ ಸಿಂದಗಿಯಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಕೂತಿದ್ದೆ. ಎಲೆಯ ಮೇಲೆ ಶೇಂಗಾ ಹೋಳಿಗೆ ಬಿದ್ದಿತ್ತು, ತುಪ್ಪ ಬರುತ್ತಿತ್ತು. "ಆತವ್ವಾ, ನಾ ಕೇಳಿ ಹೇಳ್ತೇನಿ. ನೀ ಏನೂ ಚಿಂತಿ ಮಾಡಬ್ಯಾಡ" ಎಂದೆ.

ಆಮೇಲೆ ಮರೆತೆ. ಅಷ್ಟೇ. ಇದರಲ್ಲಿ ಯಾರ ಸಂಚೂ ಇಲ್ಲ, ರಾಜಕೀಯವೂ ಇಲ್ಲ. ಹೋಳಿಗೆ ತಿಂದೆ, ಮರೆತೆ.

ಆಕೆ ನನ್ನ ಫೋನಿಗಾಗಿ ಕಾಯ್ದಳು. ಒಂದೆರಡು ಸಲ ತಾನೇ ಫೋನ್ ಮಾಡಿದ್ದಳು. ನಾನು ಎತ್ತಿರಲಿಲ್ಲ, ತಿರುಗಿಯೂ ಮಾಡಲಿಲ್ಲ. ಸಮಿತಿಯ ಒಪ್ಪಿಗೆ ಇಲ್ಲದೆ ಎರಡೇ ದಿನಕ್ಕೆ ಹೋದರೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಆಕೆ ಕೊನೆಗೆ ಹೋಗಲೇ ಇಲ್ಲ. ಕ್ಯಾಂಪಿನ ಹಾಜರಿಯಲ್ಲಿ ಆಕೆಯ ಹೆಸರಿನ ಮುಂದೆ 'ಮಾಹಿತಿ ನೀಡದೆ ಗೈರು' ಎಂದು ಬರೆದರು.

ಮುಂದೆ ಆಯ್ಕೆಯ ಮೀಟಿಂಗ್. ಆನ್‌ಲೈನ್. ಅಧ್ಯಕ್ಷರು ಬೆಂಗಳೂರಿನವರು, ಅವರಿಗೆ ಕಮಿಟ್‌ಮೆಂಟ್ ಎಂಬ ಶಬ್ದದ ಮೇಲೆ ಬಹಳ ಪ್ರೀತಿ. ಎರಡನೇ ಸ್ಥಾನ ಇರಬಹುದು, ಆದರೆ ಕಮಿಟ್‌ಮೆಂಟ್ ಎಲ್ಲಿದೆ, ಬರುವುದಿಲ್ಲ ಅಂತ ಒಂದು ಮಾತು ಹೇಳುವ ಸೌಜನ್ಯವೂ ಇಲ್ಲವಲ್ಲ ಎಂದರು. ರೇಣುಕಾಳ ಜಾಗಕ್ಕೆ ಆರನೇ ಸ್ಥಾನದ ಹುಡುಗಿಯ ಹೆಸರು ಬಂತು. ಬೇರೆ ರಾಜ್ಯದವಳು, ಐದೂ ದಿನ ಹಾಜರಿದ್ದವಳು. (ಪಾಪ, ಆಕೆಯದೂ ತಪ್ಪಿಲ್ಲ. ಈಗಾಗಲೇ ಊರೆಲ್ಲ ಪೇಡೆ ಹಂಚಿರಬಹುದು ಎಂದು ನೆನೆದರೆ ನನ್ನ ಸಂಕಟ ಎರಡು ಪಟ್ಟಾಗುತ್ತದೆ.)

ನಾನೇನು ಮಾಡಿದೆ? ನನ್ನ ಮೈಕ್ ಮ್ಯೂಟ್‌ನಲ್ಲಿತ್ತು. ಒಂದು ಬಟನ್ ಒತ್ತಿ 'ಆಕೆ ಹೇಳಿದ್ದಳು, ನಾನು ಮರೆತೆ' ಅನ್ನಬೇಕಿತ್ತು. ಬೆರಳು ಅಲ್ಲಿಯವರೆಗೂ ಹೋಯಿತು. ಆಗ ಒಂದು ಒಳ್ಳೆಯ ನೆಪ ಹೊಳೆಯಿತು: ಆಕೆ ನನ್ನ ಶಿಷ್ಯೆ, ನಾನು ಆಕೆಯ ಪರ ಮಾತಾಡಿದರೆ ಪಕ್ಷಪಾತ ಆಗುವುದಿಲ್ಲವೇ? ನ್ಯಾಯವಾಗಿರಬೇಕು ಎಂದು ಸುಮ್ಮನಾದೆ. ಅಷ್ಟೇ ಅಲ್ಲ, ಹೆಬ್ಬೆಟ್ಟು ಎತ್ತಿದ ಚಿತ್ರ ಬರುತ್ತದಲ್ಲ, ಅದನ್ನೂ ಒತ್ತಿದೆ.

ಹೇಡಿತನಕ್ಕೆ ನ್ಯಾಯದ ಅಂಗಿ ತೊಡಿಸುವುದು ಎಷ್ಟು ಸುಲಭ ನೋಡಿ.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಅದಕ್ಕೇ ಭಾನುವಾರ ಮುದ್ದೇಬಿಹಾಳಕ್ಕೆ ಹೋಗಿದ್ದು. ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಬಸ್ ನಿಂತಾಗ ಇಳಿದು ವಾಪಸ್ ಹೋಗಿಬಿಡಲೇ ಅನ್ನಿಸಿತ್ತು.

ಅಂಧರ ಚೆಸ್ ನೋಡಿದ್ದೀರಾ? ಇಬ್ಬರಿಗೂ ಬೇರೆ ಬೇರೆ ಬೋರ್ಡು. ಅವರ ಬೋರ್ಡಿನ ಪ್ರತಿ ಮನೆಗೂ ತೂತು, ಕಾಯಿಗಳ ಬುಡಕ್ಕೆ ಗೂಟ. ಬೆರಳಿನಿಂದ ಸವರಿ ನೋಡುತ್ತಾರೆ. ನಾನು ನಡೆಸಿದ್ದು ಅವರಿಗೆ ಕಾಣುವುದಿಲ್ಲವಾದ್ದರಿಂದ ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಎದುರಿನವರು ಅದನ್ನು ತಿರುಗಿ ಹೇಳುತ್ತಾರೆ, ಸರಿಯಾಗಿ ಕೇಳಿಸಿತು ಎಂಬುದಕ್ಕೆ. ಆಮೇಲೆ ತಮ್ಮ ಬೋರ್ಡಿನಲ್ಲಿ ನಡೆಸಿಕೊಳ್ಳುತ್ತಾರೆ.

ನಾನು ಹೇಗೆ ಹೇಳಲಿ, ಎಲ್ಲಿಂದ ಶುರು ಮಾಡಲಿ ಎಂಬ ಯೋಚನೆಯಲ್ಲಿ ಕುದುರೆ ನಡೆಸಿ ಸುಮ್ಮನೆ ಕೂತುಬಿಟ್ಟೆ. ಆಕೆ ಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಲೇ ಇದ್ದಳು. ಎಷ್ಟೋ ಹೊತ್ತಾದ ಮೇಲೆ ನಕ್ಕಳು.

"ಸರ, ನಡಿ ಬಾಯಿಬಿಟ್ಟು ಹೇಳ್ರಿ. ನೀವು ಹೇಳದಿದ್ರ ನನಗ ಹ್ಯಾಂಗ ಗೊತ್ತಾಗಬೇಕು?"

ಕುದುರೆ ಎಲ್ಲಿಗೆ ಹೋಯಿತೆಂದು ಹೇಳಿದೆ. ಬೇರೆ ಏನೂ ಹೇಳಲಿಲ್ಲ.

ಆಟ ಮುಗಿದ ಮೇಲೆ ತಂಡದ ಮಾತನ್ನು ಆಕೆಯೇ ತೆಗೆದಳು. ತನ್ನನ್ನು ಕೈಬಿಟ್ಟ ಸುದ್ದಿ ಆಕೆಗೆ ತಲುಪಿತ್ತು. ಮಕ್ಕಳನ್ನು ಬಿಟ್ಟು ಹೋಗಬೇಕಿತ್ತೇನೋ, ಇಂಥ ಅವಕಾಶ ಮತ್ತೆ ಬರುತ್ತದೋ ಇಲ್ಲವೋ ಎಂದು ಮೆಲ್ಲಗೆ ಹೇಳಿದಳು. ಆಮೇಲೆ ನನಗೇ ಸಮಾಧಾನ ಮಾಡಿದಳು: "ನೀವರ ಏನ್ ಮಾಡ್ತೀರಿ ಸರ. ನೀವು ಹೇಳೇ ಹೇಳಿರ್ತೀರಿ, ಅವರು ಕೇಳಿಲ್ಲ, ಬಿಡ್ರಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಖಾಲಿ ಕಪ್ಪನ್ನೇ ಎತ್ತಿ ಚಹಾ ಕುಡಿದವನ ಹಾಗೆ ಮಾಡಿದೆ. ಆಕೆಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ಮಾಡಿದೆ. ಆ ನಾಟಕ ಯಾರಿಗಾಗಿ?

ಸೋಮವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ಫೋನ್ ಮಾಡಿ ಎಲ್ಲ ಹೇಳಿದೆ. ಮದುವೆ, ಹೋಳಿಗೆ, ಮ್ಯೂಟ್, ಹೆಬ್ಬೆಟ್ಟು, ಯಾವುದನ್ನೂ ಬಿಡಲಿಲ್ಲ. ಆಮೇಲೆ ಆಕೆ ಚೆಸ್ ಆಡುವಾಗಿನ ದನಿಯಲ್ಲೇ ತಿರುಗಿ ಹೇಳಿದಳು.

"ನಾ ನಿಮಗ ಹೇಳಿದ್ದೆ. ನೀವು ಅವರಿಗೆ ಹೇಳ್ಲಿಲ್ಲ." ಮತ್ತೆ ಅಂದಳು, "ಕೇಳಿಸ್ತ್ರಿ ಸರ. ಈಗ ಅವರಿಗೆ ಹೇಳ್ರಿ."

ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳುವ ಧೈರ್ಯವನ್ನೂ ಮಾಡಲಿಲ್ಲ.

ತಕ್ಷಣ ಅಧ್ಯಕ್ಷರಿಗೆ ಫೋನ್ ಹಚ್ಚಿದೆ. ತಪ್ಪು ನನ್ನದು ಎಂದು ಹೇಳುವವರೆಗೆ ಅವರ ದನಿ ಸ್ವಚ್ಛವಾಗಿತ್ತು. ಮೀಟಿಂಗ್ ಮತ್ತೆ ಕರೆಯಿರಿ ಅಂದೆ ನೋಡಿ, ನೆಟ್‌ವರ್ಕ್ ಕೆಟ್ಟಿತು. ಹಲೋ, ಹಲೋ, ಏನೂ ಕೇಳಿಸ್ತಾ ಇಲ್ಲ ಎಂದರು, ಇಟ್ಟರು. ಮೇಲ್ ಕಳಿಸಿದೆ, ಉತ್ತರವಿಲ್ಲ. ಮೆಸೇಜಿಗೆ ಎರಡು ನೀಲಿ ಗೆರೆ ಬಂದಿವೆ, ಅಷ್ಟೇ.

ಪತ್ರಿಕೆಯಲ್ಲಿ ಈ ಬರಹ ನಿಮ್ಮ ಕೈಗೆ ಬರುವುದು ಶನಿವಾರ. ತಂಡದ ಪಟ್ಟಿ ದಿಲ್ಲಿಗೆ ಹೋಗುವುದು ಸೋಮವಾರ. ನಡುವೆ ಇರುವುದು ಒಂದೇ ಭಾನುವಾರ. ಸಮಿತಿ ಮತ್ತೆ ಕೂರುತ್ತದೋ, ಕೂತರೆ ಏನು ತೀರ್ಮಾನ ಮಾಡುತ್ತದೋ ನನಗೆ ಗೊತ್ತಿಲ್ಲ. ನನ್ನ ಜಾಗ ಹೋದರೂ ಹೋಗಲಿ. ಹೇಳದೆ ಗೈರಾದವಳು ಎಂಬ ಮಾತು ಮಾತ್ರ ಆಕೆಯ ಹೆಸರಿನ ಮುಂದೆ ಉಳಿಯಬಾರದು. ಆ ಮಾತಿಗೆ ಹಕ್ಕುದಾರ ನಾನು.

ಅಧ್ಯಕ್ಷರೇ, ಊರಿಗೆಲ್ಲ ಕೇಳುವ ಹಾಗೆ ನನ್ನ ನಡೆ ಹೇಳಿದ್ದೇನೆ: ರೇಣುಕಾ ಹೇಳಿದ್ದಳು, ನಾನು ಹೇಳಲಿಲ್ಲ.

ಕೇಳಿಸಿದ್ದರೆ, ಒಮ್ಮೆ ತಿರುಗಿ ಹೇಳುತ್ತೀರಾ?